ಎಡ

ಕರೀ ಪ್ಲೇಟು, ಹಳದಿ ಅಂಕಿ, ಬಿಳಿ ವ್ಯಾಗನಾರ್.
ಸಿಯೋಲಿಮ್ಮಿನಲ್ಲಿ, ತೆಂಗಿನಕಾಯಿ ಬೀಳದ ಜಾಗ ನೋಡಿ
ತೊಳೆದು ನಿಲ್ಲಿಸಿದ್ದೆ.
ಇಲ್ಜೆ ಬಾಯಿ ಬಂದಳು. ಅರವತ್ತೆರಡು ವಯಸ್ಸು,
ಕೈಯಲ್ಲಿ ಬೂದು ಬಣ್ಣದ ಪರವಾನಗಿ ಪುಸ್ತಕ,
ಹತ್ತು ಭಾಷೆಗಳ ನಡುವೆ ನಗದ ಒಂದು ಫೋಟೋ.

ಮೊದಲು ಗೀರು ತೋರಿಸಿದೆ, ಅದು ನಮ್ಮ ಪದ್ಧತಿ:
ಬಂಪರಿನದು, ಹಿಂಬಾಗಿಲಿನದು,
ಯಾವುದೋ ಎಮ್ಮೆ ಉಜ್ಜಿ ಹೋದ ಕನ್ನಡಿಯದು.
ಹೆಣ್ಣು ನೋಡಲು ಬಂದವರಂತೆ
ಸುತ್ತು ಬಂದು ಒಂದೊಂದನ್ನೂ ಫೋಟೋ ಹಿಡಿದಳು.

ಊರಲ್ಲಿ ಏನು ಓಡಿಸ್ತಿದ್ರಿ ಅಂತ ಕೇಳಿದೆ,
ನನಗಿರುವ ಹದಿನಾಲ್ಕು ಇಂಗ್ಲಿಷ್ ಮಾತಿನಲ್ಲಿ.
ಟ್ರಾಮ್, ಅಂದಳು. ರೀಗಾದಲ್ಲಿ. ಇಪ್ಪತ್ತೊಂಬತ್ತು ವರ್ಷ.
ಟ್ರಾಮಿಗೆ ಸ್ಟೀರಿಂಗ್ ಇರಲ್ಲ, ಗೊತ್ತಾ?
ತಿರುಗುವುದು ಹಳಿಯ ಕೆಲಸ,
ಗಂಟೆ ಬಾರಿಸುವುದಷ್ಟೇ ನಮ್ಮದು.

ನಾನೂ ಹೇಳಿದೆ, ಪಾತ್ರಾಂವ್ ಕಾಯ್ತಾನನಿಗೆ ಕೇಳದ ಹಾಗೆ:
ಹತ್ತೊಂಬತ್ತು ವರ್ಷದಲ್ಲಿ ನಾನು ಓಡಿಸಿದ್ದು
ನಲ್ಲಿಯಿಂದ ನೆರಳಿಗೆ, ನೆರಳಿಂದ ಗೇಟಿಗೆ.
ಅದರಲ್ಲೂ ಮುಕ್ಕಾಲು ಪಾಲು ರಿವರ್ಸು.

ಅವಳು ಕೂತಳು. ತಿರುಗಲು ಸಿಗ್ನಲ್ ಹಾಕಿದಳು.
ಉರಿಬಿಸಿಲಲ್ಲಿ ವೈಪರು ಕಟಕಟ ಅಂದಿತು.
ಮತ್ತೆ ಹಾಕಿದಳು. ಮತ್ತೆ ವೈಪರು.
ಬಾಯಿ, ಎಲ್ಲಾ ಆ ಕಡೆಯದು ಈ ಕಡೆ, ಅಂದೆ.
ಎದುರಿನವನು ದೀಪ ಮಿಣುಕಿಸಿದರೆ
ನಿಮ್ಮಲ್ಲಿ ‘ನೀವು ಹೋಗಿ’ ಅಂತಲೋ ಏನೋ,
ಇಲ್ಲಿ ‘ನಾ ಬಂದೆ, ಸರಿ’ ಅಂತ.
ತಿರುವಿನಲ್ಲಿ ಹೂ ಹಾಕಿದ ಶಿಲುಬೆ ಕಂಡರೆ
ಕಾಲು ತಾನಾಗಿ ಬ್ರೇಕಿಗೆ ಹೋಗಲಿ.

ಕೊನೆಗೆ ರಸೀದಿಯ ಬೆನ್ನಿಗೆ ಮಾರ್ಕರಿನಲ್ಲಿ
ದಪ್ಪಗೆ ಬರೆದೆ: ಎಡ.
ಸ್ಟೀರಿಂಗಿನ ಮುಂದೆ ಅಂಟಿಸಿದೆ.
ಕೈಗೆ ಬಂದದ್ದು ಇಳಕಲ್ಲಿನ ಶಾಲೆಯ ಅಕ್ಷರ,
ಬೇರೆ ಬರುವುದೂ ಇಲ್ಲ.
ತಲೆ ಓರೆ ಮಾಡಿ ನೋಡಿದಳು:
ಮೊದಲನೆಯದು ಬಾತುಕೋಳಿ, ಎರಡನೆಯದು ಅದರ ಮರಿ.
ಹೌದು ಅಂದೆ. ಅವು ಹೋದ ಕಡೆ ಹೋಗಿ.

ನಮ್ಮ ಮಾತಿನಲ್ಲಿ ಎಡಕ್ಕೆ ಎಲ್ಲಿದೆ ಮರ್ಯಾದೆ?
ಎಡವಿದ ಕಾಲು, ಎಡವಟ್ಟು ಮನುಷ್ಯ.
ಎಡಗೈಯಲ್ಲಿ ಕೊಟ್ಟೆನೆಂದು ಅತ್ತೆ
ದುಡ್ಡು ವಾಪಸ್ ಬಿಸಾಕಿದ್ದಳು ಒಮ್ಮೆ.
ಗಡಿ ದಾಟಿ ಬಂದು ನಾನೇ ಈಗ
ಎಡವನ್ನು ಹಣೆಗೆ ಕಟ್ಟಿ ಕಳಿಸುತ್ತಿದ್ದೇನೆ.

ನಾಲ್ಕನೇ ದಿನ ಸಂಜೆ ಬಂದಳು. ಹೊಸ ಗೀರಿಲ್ಲ.
ಚೊಡಣದ ಫೆರ್ರಿಗೆ ಹಿಮ್ಮುಖ ಹತ್ತಿಸಿದಳಂತೆ,
ಪ್ರತಿ ತಿರುವಿಗೂ ಎರಡು ಸಲ ಹಾರ್ನ್, ಟ್ರಾಮಿನ ಲೆಕ್ಕ.
ಸೈಕಲ್ಲಿನ ಪೊದೇರ ಬ್ರೆಡ್ಡು ಬೇಕೇನೋ ಅಂತ
ಪೊಂಯ್ ಪೊಂಯ್ ಅಂದು ಹಿಂದೆಯೇ ಬಂದನಂತೆ.

ಆಮೇಲೆ ದನಿ ತಗ್ಗಿಸಿದಳು.
ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಏನೂ ಆಗಲಿಲ್ಲ.
ಆಲ್ದೋಣದ ಹತ್ತಿರ, ಬೆಳಗಿನ ಆರಕ್ಕೆ,
ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ
ಕೈ ತನ್ನ ದೇಶಕ್ಕೆ ಹೋಗಿಬಿಟ್ಟಿತು.
ಎದುರಿಗೆ ಸ್ಕೂಟರು. ಮುಂದೆ ಮೀನಿನ ಬುಟ್ಟಿ, ಹಿಂದೆ ಯೂನಿಫಾರಂ ಹುಡುಗಿ.
ಮೀನಿನವಳು ಬೈದದ್ದು ಅರ್ಥವಾಗಲಿಲ್ಲ,
ಎಲ್ಲಾ ಅರ್ಥವಾಯಿತು.
ಗದ್ದೆಯ ಬದಿಗೆ ನಿಲ್ಲಿಸಿ
ಇಪ್ಪತ್ತು ನಿಮಿಷ ನೋಡುತ್ತ ಕೂತಳಂತೆ,
ಬಾತುಕೋಳಿ, ಮರಿ.

ನಾನೇನೂ ಹೇಳಲಿಲ್ಲ. ನೀರು ಕೊಟ್ಟೆ.
ಠೇವಣಿ ಎಣಿಸಿಕೊಂಡಳು. ಚೀಟಿ ಕಿತ್ತು
ಆ ಬೂದು ಪುಸ್ತಕದೊಳಗೆ ಇಟ್ಟುಕೊಂಡಳು.

ಡ್ಯಾಶ್‌ಬೋರ್ಡಿನ ಮೇಲೆ ಅಂಟಿನ ಚೌಕ ಉಳಿಯಿತು.
ಸೀಮೆಎಣ್ಣೆಗೂ ಹೋಗಲಿಲ್ಲ, ನಿಜ ಹೇಳಬೇಕೆಂದರೆ
ಅಷ್ಟು ಜೋರಾಗಿ ಉಜ್ಜಲೂ ಇಲ್ಲ.
ಪಾತ್ರಾಂವ್ ಬೆರಳಾಡಿಸಿ ನೋಡಿ
ಮುಂದಿನವರ ಫಾರ್ಮಿನಲ್ಲಿ ಬರೆದ,
ಬಂಪರು, ಹಿಂಬಾಗಿಲು, ಕನ್ನಡಿ ಆದ ಮೇಲೆ:
ಸ್ಟೀರಿಂಗಿನ ಮುಂದೆ ಕಲೆ. ಹಳೆಯದು.